ಮನೆಯಲ್ಲಿ ಮರ ಕಡೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಕಾರ್ ಶೆಡ್‌ನಲ್ಲಿ ಕಾರಿಲ್ಲ. ಮರ ತಿರುಗಿಸುವ ಯಂತ್ರ, ಅಂದರೆ ಒಂದು ಸಣ್ಣ ಲೇತ್ ಇದೆ, ಉಳಿ ಮಸೆಯುವ ಗ್ರೈಂಡರ್ ಇದೆ, ಮೂಲೆಯಲ್ಲಿ ಒಣಗಲು ಇಟ್ಟ ಮರದ ತುಂಡುಗಳ ರಾಶಿ ಇದೆ. ಹೊಟ್ಟೆಪಾಡಿಗೆ ಬೇರೆ ಕೆಲಸ. ಭಾನುವಾರ ತಿಂಡಿ ಮುಗಿಸಿ ಇಲ್ಲಿಗೆ ಬಂದರೆ, ಊಟಕ್ಕೆ ಮೂರು ಸಲ ಕರೆಯಬೇಕು. ನೋಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆ ಉತ್ತರ ಇಲ್ಲಿದೆ. "ಹೇಗೂ ಉಳಿ ಹಿಡಿದಿದ್ದೀರಲ್ಲ, ನಮ್ಮನೆ ಬಾಗಿಲು ಒಂಚೂರು ನೋಡಿ" ಎನ್ನುವ ಅಕ್ಕಪಕ್ಕದವರಿಗೂ ಕೆಳಗಡೆ ಒಂದಿಷ್ಟು ಬರೆದಿದ್ದೇನೆ.

ಮರ ಕಡೆಯೋದು ಅಂದರೆ ಬಡಗಿ ಕೆಲಸವೇ ಅಲ್ವಾ?

ನೆಂಟರು, ಆದರೆ ಬೇರೆ ಬೇರೆ. ಬಡಗಿಯ ಕೈಯಲ್ಲಿ ಮರ ಸುಮ್ಮನೆ ಮಲಗಿರುತ್ತದೆ, ಉಳಿ ಓಡಾಡುತ್ತದೆ. ಇಲ್ಲಿ ಮರ ಗಿರ್ರನೆ ತಿರುಗುತ್ತದೆ, ನಾವು ಅದಕ್ಕೆ ಉಳಿ ಒಡ್ಡುತ್ತೇವೆ. ಆದ್ದರಿಂದ ಬರುವುದೆಲ್ಲ ದುಂಡನೆಯ ಸಾಮಾನು: ಲಟ್ಟಣಿಗೆ, ಬುಗುರಿ, ಮಂಚದ ಕಾಲು, ಬಟ್ಟಲು, ಕುಂಕುಮದ ಭರಣಿ.

ಮೊಸರು ಕಡೆಯೋದಕ್ಕೂ ಮರ ಕಡೆಯೋದಕ್ಕೂ ಕನ್ನಡದಲ್ಲಿ ಒಂದೇ ಮಾತು. ನನಗೆ ಇದು ತುಂಬಾ ಇಷ್ಟ. ನಮ್ಮಜ್ಜಿ ಕಂಬಕ್ಕೆ ಕಡಗೋಲು ಕಟ್ಟಿ, ಹಗ್ಗ ಸುತ್ತಿ, ಒಮ್ಮೆ ಬಲಗೈ ಒಮ್ಮೆ ಎಡಗೈ ಎಳೆಯುತ್ತಿದ್ದರು. ಹಳೇ ಕಾಲದ ಕೈ ಲೇತ್ ಕೂಡ ಅದೇ ಲೆಕ್ಕ. ಮರಕ್ಕೆ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುವುದು. ಮರ ನಮ್ಮ ಕಡೆಗೆ ತಿರುಗಿದಾಗ ಮಾತ್ರ ಉಳಿ ಒತ್ತಬೇಕು, ಆಚೆ ತಿರುಗಿದಾಗ ಸಡಿಲ ಬಿಡಬೇಕು. ಮೋಟರ್ ಬಂದ ಮೇಲೆ ಮರ ಒಂದೇ ಕಡೆ ತಿರುಗುತ್ತದೆ, ಉಳಿಗೆ ಬಿಡುವಿಲ್ಲ.

ಯಾವ ಲೇತ್ ತಗೊಳ್ಳಲಿ?

ಮೊದಲು ಲೇತ್ ಕೊಳ್ಳಬೇಡಿ. ಯಾರ ಬಳಿಯಾದರೂ ಹೋಗಿ ಎರಡು ದಿನ ಕಡೆದು ನೋಡಿ. ಚನ್ನಪಟ್ಟಣಕ್ಕೆ ಹೋದರೂ ಆಯಿತು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿನವರು ಒಂದು ಬಣ್ಣದ ಬಳೆ ಮಾಡುವುದನ್ನು ಹತ್ತು ನಿಮಿಷ ನಿಂತು ನೋಡಿದರೆ ನಿಮಗೆ ಈ ಕೆಲಸ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ.

ಆಮೇಲೂ ಆಸೆ ಉಳಿದಿದ್ದರೆ, ಅರ್ಧ ಎಚ್‌ಪಿ ಮೋಟರ್ ಇರುವ ಸಣ್ಣ ಲೇತ್ ಸಾಕು. ಅಂದರೆ ಸುಮಾರು 375 ವ್ಯಾಟ್, ಮನೆಯ ಮಾಮೂಲಿ ಪ್ಲಗ್‌ನಲ್ಲೇ ಓಡುತ್ತದೆ. ಒಂದು ಎಚ್‌ಪಿ ದಾಟಿದರೆ ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕಬ್ಬಿಣದ ಮೈ, ಬೆವರಿದ ಕೈ, ಇದರಲ್ಲಿ ತಮಾಷೆ ಬೇಡ.

ಲೇತ್ ಭಾರ ಇದ್ದಷ್ಟೂ ಒಳ್ಳೆಯದು. ಹಗುರ ಲೇತ್ ಅದುರುತ್ತದೆ, ಮರದ ಮೇಲೆ ಗೆರೆ ಬೀಳುತ್ತದೆ. ನನ್ನ ಲೇತ್ ನಿಂತಿರುವ ಮೇಜಿನ ಕೆಳಗೆ ಎರಡು ಚೀಲ ಮರಳು ಇದೆ. ಖರ್ಚಿಲ್ಲದ ಉಪಾಯ.

ಡ್ರಿಲ್ ಮಷೀನ್‌ಗೆ ಸಿಕ್ಕಿಸುವ ಲೇತ್ ಜೋಡಣೆ ಅಗ್ಗಕ್ಕೆ ಸಿಗುತ್ತದಲ್ಲ ಅಂತ ಕೇಳುತ್ತಾರೆ. ಪೆನ್ ಗಾತ್ರದ್ದಕ್ಕೆ ನಡೆಯುತ್ತದೆ. ಅದಕ್ಕಿಂತ ದಪ್ಪದ್ದಕ್ಕೆ ಬೇಡ. ಡ್ರಿಲ್‌ನ ಬೇರಿಂಗ್ ಪಕ್ಕದಿಂದ ಬೀಳುವ ಒತ್ತಡ ತಡೆಯಲು ಮಾಡಿದ್ದಲ್ಲ.

ಉಳಿ ಎಷ್ಟು ಬೇಕು?

ನಾಲ್ಕು. ಚೌಕದ ಮರವನ್ನು ದುಂಡಗೆ ಮಾಡಲು ಅಗಲದ ರಫಿಂಗ್ ಗೌಜ್ (ಗೌಜ್ ಅಂದರೆ ದೋಣಿಯಂತೆ ಬಾಗಿದ ಉಳಿ), ತಿರುವು ಕೊಡಲು ಸಣ್ಣ ಸ್ಪಿಂಡಲ್ ಗೌಜ್, ತುಂಡರಿಸಲು ಪಾರ್ಟಿಂಗ್ ಉಳಿ, ನುಣುಪಿಗೆ ಓರೆ ಬಾಯಿಯ ಸ್ಕ್ಯೂ. ಬಟ್ಟಲು ಮಾಡುವ ದಿನ ಬಂದಾಗ ಬೌಲ್ ಗೌಜ್ ತಗೊಳ್ಳಿ. ರಫಿಂಗ್ ಗೌಜನ್ನು ಬಟ್ಟಲಿಗೆ ಯಾವತ್ತೂ ಹಾಕಬೇಡಿ. ಅದರ ಹಿಡಿಯೊಳಗೆ ಹೋಗುವ ಭಾಗ ಸಣಕಲು. ಬಟ್ಟಲಿನ ಅಡ್ಡನೂಲಿಗೆ, ಅಂದರೆ ಅಡ್ಡಕ್ಕೆ ಬರುವ ಮರದ ಎಳೆಗೆ, ಸಿಕ್ಕಿದರೆ ಅಲ್ಲೇ ಲಟಕ್ಕನೆ ಮುರಿಯುತ್ತದೆ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಅಂತ ಬರೆದ ಉಕ್ಕನ್ನೇ ಕೊಳ್ಳಿ. ಮಾಮೂಲಿ ಕಾರ್ಬನ್ ಉಕ್ಕು ಗ್ರೈಂಡರ್‌ನಲ್ಲಿ ಬಿಸಿಯಾಗಿ ನೀಲಿಗೆ ತಿರುಗಿದರೆ ಅದರ ಗಡಸು ಹೋಯಿತು ಅಂತಲೇ ಅರ್ಥ.

ನಾನು ಕಡೆದರೆ ಮರ ಹರಿದು ಹರಿದು ಬರುತ್ತದೆ. ಏನು ತಪ್ಪು?

ಉಳಿ ಮೊಂಡಾಗಿದೆ. ಹತ್ತಕ್ಕೆ ಒಂಬತ್ತು ಸಲ ಇದೇ ಉತ್ತರ. ಕೇಳಿದವರಿಗೆ ಸಿಟ್ಟು ಬರುತ್ತದೆ, ಹೊಸ ಉಳಿ ಅಂತಾರೆ. ಅಂಗಡಿಯಿಂದ ಬಂದ ಉಳಿ ಮಸೆದು ಬಂದಿರುವುದಿಲ್ಲ, ಬರೀ ಆಕಾರ ಕೊಟ್ಟು ಕಳಿಸಿರುತ್ತಾರೆ.

ಮರದ ಲೆಕ್ಕ ಕೇಳಿ. ಒಂದು ಗಂಟೆ ಕಡೆಯುವಾಗ ಎಷ್ಟೋ ಕಿಲೋಮೀಟರ್ ಉದ್ದದ ಮರ ಉಳಿಯ ಬಾಯಿ ಮುಂದೆ ಹಾದು ಹೋಗುತ್ತದೆ. 5 ಸೆಂಟಿಮೀಟರ್ ದಪ್ಪದ ಕೋಲು ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಒಂದೇ ನಿಮಿಷಕ್ಕೆ 300 ಮೀಟರ್ ಮೇಲಾಯಿತು. ಅಡುಗೆಮನೆ ಚಾಕು ದಿನವಿಡೀ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗ್ರೈಂಡರ್‌ಗೆ ಹೋಗಿ ಬರಬೇಕು. ನಾನು ಮೊದಲ ಆರು ತಿಂಗಳು ಇದನ್ನು ನಂಬಲಿಲ್ಲ. ಜೋರಾಗಿ ಒತ್ತಿದರೆ ಬರುತ್ತದೆ ಅಂದುಕೊಂಡಿದ್ದೆ. ಭುಜ ನೋವು ಬಂತು, ಮರ ನುಣುಪಾಗಲಿಲ್ಲ.

ಮಸೆಯುವ ಮೊದಲು ಉಳಿಯ ಇಳಿಜಾರಿಗೆ, ಅಂದರೆ ಬಾಯಿಯ ಹಿಂದಿನ ಓರೆ ಭಾಗಕ್ಕೆ, ಮಾರ್ಕರ್ ಪೆನ್ನಿಂದ ಕಪ್ಪು ಬಳಿಯಿರಿ. ಕಲ್ಲಿಗೆ ಒಂದು ಸಲ ಮೆಲ್ಲಗೆ ಸವರಿ ನೋಡಿ. ಕಪ್ಪು ಎಲ್ಲಿ ಹೋಯಿತೋ ಅಲ್ಲಿ ಕಲ್ಲು ತಾಗುತ್ತಿದೆ. ತುದಿಯಿಂದ ಬುಡದವರೆಗೆ ಒಂದೇ ಸಮ ಹೋದರೆ ಕೋನ ಸರಿ ಇದೆ. ಹರಿತ ಆಗಿದೆಯಾ ಅಂತ ನೋಡಲು ಬೆಳಕಿಗೆ ಹಿಡಿಯಿರಿ. ಬಾಯಿಯಲ್ಲಿ ಬಿಳಿ ಗೆರೆ ಮಿಂಚಿದರೆ ಇನ್ನೂ ಮೊಂಡು. ಹರಿತವಾದ ಅಂಚು ಬೆಳಕನ್ನು ತೋರಿಸುವುದಿಲ್ಲ.

ಉಳಿ "ಟಪ್" ಅಂತ ಕಚ್ಚಿ ಎಗರುತ್ತದೆ. ಭಯ ಆಗುತ್ತದೆ.

ಆಗಲೇಬೇಕು. ನನ್ನ ಮೊದಲ ಬುಗುರಿ ಹೀಗೇ ಎಗರಿ ಶೆಡ್‌ನ ಟ್ಯೂಬ್‌ಲೈಟ್ ಒಡೆಯಿತು.

ಉಳಿಯ ಅಂಚನ್ನು ಮೊದಲು ತಾಗಿಸಿದರೆ ಕಚ್ಚುತ್ತದೆ. ಕ್ರಮ ಹೀಗೆ: ಮೊದಲು ಉಳಿಯನ್ನು ಆಧಾರಪಟ್ಟಿಯ (ಉಳಿ ಊರಲು ಲೇತ್‌ನಲ್ಲಿರುವ ಪಟ್ಟಿ) ಮೇಲೆ ಇಡಿ. ಆಮೇಲೆ ಉಳಿಯ ಇಳಿಜಾರಿನ ಬೆನ್ನು ಮರಕ್ಕೆ ತಾಗಲಿ. ಈಗ ಅದು ಸುಮ್ಮನೆ ಉಜ್ಜುತ್ತದೆ, ಕೊಯ್ಯುವುದಿಲ್ಲ. ಆಮೇಲೆ ಹಿಡಿಯನ್ನು ನಿಧಾನಕ್ಕೆ ಎತ್ತಿ. ಒಂದು ಹಂತದಲ್ಲಿ ಸಣ್ಣ ಎಳೆ ಸುರುಳಿ ಬರಲು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ, ಪಕ್ಕಕ್ಕೆ ಸರಿಸಿಕೊಂಡು ಹೋಗಿ. ಸುರುಳಿ ಬರುವಾಗ ಸದ್ದೂ ಬದಲಾಗುತ್ತದೆ, ಕರಕರ ಹೋಗಿ "ಸುಯ್" ಅನ್ನುತ್ತದೆ. ಆ ಸದ್ದು ಕಿವಿಗೆ ಹತ್ತಿದ ಮೇಲೆ ಅರ್ಧ ವಿದ್ಯೆ ಬಂದ ಹಾಗೆ.

ಇಳಿತದಲ್ಲೇ ಕಡೆಯಿರಿ, ಅಂದರೆ ದಪ್ಪ ಕಡೆಯಿಂದ ಸಣ್ಣ ಕಡೆಗೆ. ಏರು ಹತ್ತಿಸಿದರೆ ಮರದ ನೂಲು ಎದ್ದು ಕಚ್ಚುತ್ತದೆ. ಇದು ಲಟ್ಟಣಿಗೆಯಂಥ ಉದ್ದ ಕೆಲಸಕ್ಕೆ. ಬಟ್ಟಲಿಗೆ ನೂಲು ಅಡ್ಡ ಇರುವುದರಿಂದ ಲೆಕ್ಕ ಬೇರೆ: ಹೊರಮೈಯನ್ನು ಬುಡದಿಂದ ಅಂಚಿನ ಕಡೆಗೆ, ಒಳಗನ್ನು ಅಂಚಿನಿಂದ ತಳಕ್ಕೆ.

ಎಷ್ಟು ವೇಗ ಇಡಬೇಕು?

ಮರದ ಅಗಲವನ್ನು ಇಂಚಿನಲ್ಲಿ ಅಳೆಯಿರಿ. ಅಗಲ ಮತ್ತು ನಿಮಿಷದ ಸುತ್ತು ಗುಣಿಸಿದರೆ 6000ದಿಂದ 9000ದ ಒಳಗೆ ಬರಲಿ. 2 ಇಂಚಿನ ಲಟ್ಟಣಿಗೆಗೆ 3000 ನಡೆಯುತ್ತದೆ. 6 ಇಂಚಿನ ಬಟ್ಟಲಿಗೆ 1000 ಸುತ್ತಿನ ಹತ್ತಿರ ಇರಿ. ಇನ್ನೂ ದುಂಡಗಾಗದ, ಒಂದು ಕಡೆ ಭಾರ ಇರುವ ಮರಕ್ಕೆ ಇದರ ಅರ್ಧ. ಲೇತ್ ಕುಣಿಯಲು ಶುರು ಮಾಡಿದರೆ ಲೆಕ್ಕ ಬಿಡಿ, ಸ್ವಿಚ್ ಆರಿಸಿ.

ಏನು ಹಾಕಿಕೊಂಡು ಕೆಲಸ ಮಾಡಬೇಕು?

ಮುಖ ಪೂರ್ತಿ ಮುಚ್ಚುವ ಫೇಸ್ ಶೀಲ್ಡ್. ಕನ್ನಡಕ ಸಾಲದು. ಕಾಲಿಗೆ ಶೂ.

ಬೇಡದ್ದರ ಪಟ್ಟಿ ಇದಕ್ಕಿಂತ ದೊಡ್ಡದು. ಗ್ಲೌಸ್ ಬೇಡ, ತಿರುಗುವ ಮರ ಗ್ಲೌಸ್ ಹಿಡಿದರೆ ಕೈಯನ್ನೂ ಎಳೆಯುತ್ತದೆ. ಪಂಚೆ, ಲುಂಗಿ, ದುಪಟ್ಟಾ, ಸೆರಗು, ಉದ್ದ ತೋಳು, ಬಳೆ, ಉಂಗುರ, ಕೈಗೆ ಕಟ್ಟಿದ ದಾರ, ಕುತ್ತಿಗೆಯ ಸರ ಯಾವುದೂ ಬೇಡ. ಜನಿವಾರ ಇದ್ದವರು ಬನಿಯನ್ ಒಳಗೆ ಸೇರಿಸಿ. ಕೂದಲು ಉದ್ದ ಇದ್ದರೆ ಗಂಟು ಕಟ್ಟಿ. ಸ್ವಿಚ್ ಹಾಕುವ ಮೊದಲು ಮರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸ್ವಿಚ್ ಹಾಕುವಾಗ ಮರದ ನೇರಕ್ಕೆ ನಿಲ್ಲಬೇಡಿ.

ಧೂಳಿನ ವಿಷಯ ಜನ ಹಗುರವಾಗಿ ತಗೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಸ್ಯಾಂಡ್ ಪೇಪರ್ ಹಿಡಿಯುವಾಗ ಎನ್-95 ಮಾಸ್ಕ್ ಹಾಕಿ. ಬೀಟೆಯ ಧೂಳು ಕೆಲವರಿಗೆ ಮೈ ತುರಿಕೆ, ಸೀನು ತರುತ್ತದೆ.

ಯಾವ ಮರ ಒಳ್ಳೆಯದು? ಎಲ್ಲಿ ಸಿಗುತ್ತದೆ?

ಕಲಿಯುವವರಿಗೆ ಹಾಲೆ ಮರಕ್ಕಿಂತ ಒಳ್ಳೆಯದಿಲ್ಲ. ಚನ್ನಪಟ್ಟಣದ ಗೊಂಬೆಗಳ ಮರ ಅದೇ. ಆಂಧ್ರದ ಏಟಿಕೊಪ್ಪಾಕದ ಗೊಂಬೆ ಮಾಡುವವರೂ ಇದನ್ನೇ ಕಡೆಯುತ್ತಾರೆ. ದಂತದ ಬಣ್ಣ, ನೂಲು ಸಣ್ಣ, ಉಳಿಗೆ ಬೆಣ್ಣೆ. ಕೊಂಬೆ ಗಾತ್ರದಲ್ಲಿ ಸಿಗುತ್ತದೆ, ಹಾಗಾಗಿ ದೊಡ್ಡ ಬಟ್ಟಲಿನ ಆಸೆ ಬೇಡ.

ಉಳಿದಂತೆ, ಸಾ ಮಿಲ್‌ಗೆ ಹೋಗುವ ಮೊದಲು ಸೌದೆ ಡಿಪೋಗೆ ಹೋಗಿ. ತೂಕದ ಲೆಕ್ಕದಲ್ಲಿ ಹಲಸು, ಮಾವು, ಬೇವು, ನೇರಳೆ ಎಲ್ಲ ಸಿಗುತ್ತದೆ. ಹಲಸಿನ ಹಳದಿ ಆಮೇಲಾಮೇಲೆ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಬೇಕು. ಹುಣಸೆ ಕಲ್ಲಿನಷ್ಟು ಗಟ್ಟಿ, ಆದರೆ ಲಟ್ಟಣಿಗೆಗೆ ಅದೇ ಸರಿ. ಮಲೆನಾಡು, ಕೊಡಗಿನವರಾದರೆ ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ ಕೇಳಿ ತಗೊಳ್ಳಿ, ಪೆನ್ನು ಮತ್ತು ಹಿಡಿಗಳಿಗೆ ಚೆನ್ನ. ತೇಗ ಚಂದ, ಆದರೆ ಅದರೊಳಗೆ ಮರಳಿನಂಥ ಸಿಲಿಕಾ ಇರುತ್ತದೆ, ಉಳಿ ಬೇಗ ಮೊಂಡಾಗುತ್ತದೆ.

ಬೇಡದವು: ಕಣಗಿಲೆ, ಅದು ಮೈಯೆಲ್ಲ ವಿಷ. ಹೊಳೆಗೇರು, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಸೊನೆ ತಾಗಿದರೆ ಬೊಬ್ಬೆ. ಗಂಧ, ಬೀಟೆ ಯಾರಾದರೂ "ಬಿಲ್ ಇಲ್ಲದೆ ಕೊಡ್ತೀನಿ" ಅಂದರೆ ಅಲ್ಲಿಂದ ಹೊರಡಿ. ಸ್ವಂತ ಹಿತ್ತಲಿನ ಮರ ಕಡಿಯಲೂ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಮರಕ್ಕೆ ಅನುಮತಿ ಬೇಕೋ ಬೇಡವೋ ಅರಣ್ಯ ಇಲಾಖೆಯಲ್ಲಿ ಮೊದಲು ಕೇಳಿ. ಗಾಳಿಮಳೆಗೆ ಬಿದ್ದ ಕೊಂಬೆಯಾದರೆ ತೆಗೆಯಲು ಬಂದವರನ್ನೇ ಕೇಳಿ ನೋಡಿ, ನನಗೆ ಹೀಗೇ ಒಂದು ಒಳ್ಳೆ ನೇರಳೆ ತುಂಡು ಸಿಕ್ಕಿತು.

ಹಸಿ ಮರ ಕಡೆದೆ. ಎರಡೇ ದಿನಕ್ಕೆ ಸೀಳು ಬಿಟ್ಟಿತು. ಯಾಕೆ?

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಎಲ್ಲರೂ ಸೋಲುವುದು ಇಲ್ಲೇ.

ಮರದ ನೂಲೆಂದರೆ ಒತ್ತಾಗಿ ಜೋಡಿಸಿದ ಸಣ್ಣ ಕೊಳವೆಗಳ ಕಟ್ಟು. ನೀರು ಕೊಳವೆಯ ಬಾಯಿಂದ ಬೇಗ ಹೋಗುತ್ತದೆ, ಪಕ್ಕದ ಗೋಡೆಯಿಂದ ನಿಧಾನ. ಹಾಗಾಗಿ ತುಂಡಿನ ಎರಡು ತುದಿ ಮೊದಲು ಒಣಗಿ ಕುಗ್ಗುತ್ತವೆ, ನಡುಭಾಗ ಇನ್ನೂ ಹಸಿ. ತುದಿ ಕುಗ್ಗಲು ಜಾಗ ಇಲ್ಲದೆ ಸೀಳುತ್ತದೆ. ಎರಡನೆಯದು, ಉಂಗುರದ ಗುಂಟ ಮರ ಕುಗ್ಗುವುದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಅದಕ್ಕೇ ದುಂಡಗೆ ಕಡೆದ ಹಸಿ ಬಟ್ಟಲು ಒಣಗಿದ ಮೇಲೆ ಮೊಟ್ಟೆಯಾಕಾರ ಆಗುವುದು, ತಿರುಳು ಒಳಗೇ ಉಳಿದ ತುಂಡು ಖಂಡಿತ ಸೀಳುವುದು.

ಮರ ಮನೆಗೆ ಬಂದ ದಿನವೇ ಮಾಡಬೇಕಾದ್ದು: ತಿರುಳಿನ ಮೂಲಕ ಉದ್ದಕ್ಕೆ ಎರಡು ಹೋಳು ಮಾಡಿ. ಎರಡೂ ತುದಿಗೆ ಮೇಣದಬತ್ತಿ ಕರಗಿಸಿ ಹಚ್ಚಿ. ಮೇಣ ಇಲ್ಲದಿದ್ದರೆ ಉಳಿದ ಬಣ್ಣ ಅಥವಾ ಫೆವಿಕಾಲ್ ದಪ್ಪಗೆ ಬಳಿಯಿರಿ. ಬಿಸಿಲಿಗೆ ಇಡಬೇಡಿ. ನೆರಳಲ್ಲಿ, ನೆಲದಿಂದ ಮೇಲೆ, ಗಾಳಿ ಆಡುವಂತೆ ಇಡಿ. ಪೂರ್ತಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ರೂಢಿಯ ಲೆಕ್ಕ.

ಅಷ್ಟು ತಾಳ್ಮೆ ಯಾರಿಗಿದೆ? ನನಗಂತೂ ಇಲ್ಲ. ಅದಕ್ಕೆ ಬಟ್ಟಲನ್ನು ಎರಡು ಸಲ ಕಡೆಯುತ್ತೇವೆ. ಮೊದಲು ಹಸಿಯಲ್ಲೇ ದಪ್ಪಗೆ ಕಡೆಯುವುದು, ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಭಾಗ. 8 ಇಂಚಿನ ಬಟ್ಟಲಾದರೆ ಗೋಡೆ ಮುಕ್ಕಾಲು ಇಂಚಿನ ಮೇಲೆ. ಅದನ್ನು ಹಳೇ ಪೇಪರ್‌ನಲ್ಲಿ ಸುತ್ತಿ ಅಥವಾ ಅದರದೇ ಹೊಟ್ಟಿನ ಜೊತೆ ಚೀಲದಲ್ಲಿ ಹಾಕಿ ಅಟ್ಟದ ಮೇಲಿಡಿ. ಮೇಲೆ ತಾರೀಖು, ತೂಕ ಬರೆಯಿರಿ. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಲೇತ್‌ಗೆ ಹಾಕಿ ದುಂಡಗೆ ಮಾಡಿ. ಮಳೆಗಾಲದಲ್ಲಿ ತೂಕ ಏರುವುದೂ ಉಂಟು, ಗಾಬರಿ ಬೇಡ. ನಮ್ಮ ಅಟ್ಟದ ಮೇಲೆ ಈಗ ಹನ್ನೊಂದು ಬಟ್ಟಲುಗಳಿವೆ. ಅವನ್ನು ನೋಡಿದಾಗೆಲ್ಲ ನನ್ನ ಹೆಂಡತಿ ಒಂದು ಮಾತು ಹೇಳುತ್ತಾಳೆ, ಇಲ್ಲಿ ಬರೆಯುವುದಿಲ್ಲ.

ಪಾಲಿಶ್ ಏನು ಮಾಡಬೇಕು?

ಮೊದಲು ಸ್ಯಾಂಡ್ ಪೇಪರ್: 120, 180, 240, 320. ನಡುವೆ ಹಾರಬೇಡಿ, 120ರ ಗೆರೆಯನ್ನು 320 ತೆಗೆಯುವುದಿಲ್ಲ. ಆಧಾರಪಟ್ಟಿ ತೆಗೆದಿಟ್ಟು, ವೇಗ ಇಳಿಸಿ, ಪೇಪರನ್ನು ಮರದ ಕೆಳಭಾಗಕ್ಕೆ ಹಿಡಿಯಿರಿ.

ಆಟದ ಸಾಮಾನಿಗೆ ಚನ್ನಪಟ್ಟಣದ ದಾರಿಯೇ ಚಂದ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಗೆಯ ಒಣ ಎಲೆ ಮಡಚಿ ಒತ್ತಿದರೆ ಬಣ್ಣ ಒಂದೇ ಸಮ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಬ್ರಶ್ ಇಲ್ಲ, ಒಣಗಲು ಕಾಯುವುದಿಲ್ಲ. ನಾನು ಮಾಡಿದಾಗ ಅರಗು ಗಂಟು ಗಂಟಾಗಿ ಕೂತಿತು. ಒತ್ತುವ ಹದ ಕೈಗೆ ಬರಲು ಬಹಳ ದಿನ ಬೇಕು. ಒಂದು ಎಚ್ಚರ: ಅರಗು ಬಿಸಿಗೆ ಮೆತ್ತಗಾಗುತ್ತದೆ. ಕಾಫಿ ಲೋಟಕ್ಕೆ ಬೇಡ.

ಊಟದ ಸಾಮಾನಿಗೆ ಜೇನುಮೇಣ ಮತ್ತು ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಬೆರೆಸಿ ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಚ್ಚಬಹುದು, ಆದರೆ ಅದು ಮರದಲ್ಲಿ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಒರೆಸುತ್ತಾ, ಮತ್ತೆ ಹಚ್ಚುತ್ತಾ ಇರಬೇಕು. ಅಗಸೆ ಎಣ್ಣೆ ಗಟ್ಟಿಯಾಗುತ್ತದೆ. ಆದರೆ ಅದರಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಇದು ಕಟ್ಟುಕಥೆಯಲ್ಲ. ಬಟ್ಟೆಯನ್ನು ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮಳೆಗಾಲದಲ್ಲಿ ಬಾಗಿಲು ಹಾಕೋಕೇ ಆಗಲ್ಲ. ತೋಪಡ ಹೊಡೆದು ಬಿಡಲಾ?

ಜುಲೈನಲ್ಲಿ ಬೇಡ. ಈಗ ಹೊಡೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬರುತ್ತದೆ. ಮೊದಲು ಮೇಲಿನ ಕೀಲಿನ ಸ್ಕ್ರೂ ಅಲ್ಲಾಡುತ್ತಿದೆಯಾ ನೋಡಿ. ಬಾಗಿಲು ಜೋತು ಬಿದ್ದಿರುತ್ತದೆ, ಮಳೆಗೆ ಬೈಗುಳ. ತಾಗುವ ಜಾಗ ಗೊತ್ತಾಗದಿದ್ದರೆ ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆಯಿರಿ, ಗುರುತು ಬೀಳುತ್ತದೆ. ಅಷ್ಟಕ್ಕೆ ಮಾತ್ರ ಸ್ಯಾಂಡ್ ಪೇಪರ್.

ನಿಜವಾದ ಮದ್ದು ಬೇಸಿಗೆಯಲ್ಲಿ. ಬಾಗಿಲನ್ನು ಕೀಲಿನಿಂದ ಬಿಡಿಸಿ ಅದರ ತಲೆ ಮತ್ತು ಬುಡದ ಅಂಚು ನೋಡಿ. ನಾನು ನೋಡಿದ ಬಹುಪಾಲು ಬಾಗಿಲುಗಳಲ್ಲಿ ಅಲ್ಲಿ ಬಣ್ಣವೇ ಇಲ್ಲ. ಕಣ್ಣಿಗೆ ಕಾಣದ ಜಾಗ ಅಂತ ಪೇಂಟರ್ ಬಿಟ್ಟಿರುತ್ತಾನೆ, ತೇವ ಅಲ್ಲಿಂದಲೇ ಹತ್ತುತ್ತದೆ. ಎರಡು ಕೋಟ್ ಹೊಡೆಯಿರಿ.

ಕೀಲಿನ ಸ್ಕ್ರೂ ಹಿಡಿಯುತ್ತಲೇ ಇಲ್ಲ, ತೂತು ದೊಡ್ಡದಾಗಿದೆ.

ಉರಿದು ಉಳಿದ ಊದುಬತ್ತಿಯ ಬಿದಿರು ಕಡ್ಡಿಗಳಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ. ಬಿಗಿಯಾದ ಮೇಲೆ ಹೊರಗೆ ಉಳಿದದ್ದನ್ನು ಮುರಿದು, ಒಂದು ರಾತ್ರಿ ಬಿಟ್ಟು, ಅದೇ ಸ್ಕ್ರೂ ಹಾಕಿ. ದೇವರ ಕೋಣೆ ಇರುವ ಮನೆಯಲ್ಲಿ ಈ ಸಾಮಾನಿಗೆ ಬರ ಇಲ್ಲ.

ಗೋಡೆಗೆ ತೂತು ಹಾಕುವಾಗ ಏನು ನೋಡಬೇಕು?

ಸ್ವಿಚ್ ಬೋರ್ಡ್‌ನ ನೇರ ಮೇಲೆ, ಕೆಳಗೆ ಹಾಕಬೇಡಿ. ವೈರ್ ಪೈಪ್ ಹೆಚ್ಚಾಗಿ ಅಲ್ಲೇ ಹೋಗಿರುತ್ತದೆ. ನಲ್ಲಿಯ ನೇರಕ್ಕೂ ಹಾಗೇ. ಟೈಲ್ಸ್ ಮೇಲಾದರೆ ಟೇಪ್ ಅಂಟಿಸಿ, ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ (ಬಡಿಯುವ ಚಾಲನೆ) ಆಫ್ ಮಾಡಿಡಿ.

ಸ್ಟೂಲಿನ ಅಡ್ಡಪಟ್ಟಿ ಮುರಿದಿದೆ. ಲೇತ್‌ನಲ್ಲಿ ಹೊಸದು ಮಾಡಬಹುದಾ?

ಇದಕ್ಕೇ ಲೇತ್ ಇರುವುದು. ಕಾಲಿನ ತೂತು 12 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಸ್ಕೂಟರ್ ಟೂಲ್ ಕಿಟ್‌ನ 12ನೇ ನಂಬರ್ ಸ್ಪ್ಯಾನರ್ ತಗೊಳ್ಳಿ. ತುದಿಯನ್ನು ಸಣ್ಣ ಮಾಡುತ್ತಾ ಹೋಗಿ, ಲೇತ್ ನಿಲ್ಲಿಸಿ ಸ್ಪ್ಯಾನರ್ ಕೂರಿಸಿ ನೋಡಿ. ಸರಿಯಾಗಿ ಜಾರಿ ಕೂತಾಗ ಅಳತೆ ಬಂತು. ಹಳೇ ಅಂಟನ್ನು ತೂತಿನಿಂದ ಪೂರ್ತಿ ಕೆರೆದು ತೆಗೆಯಿರಿ, ಹಳೇ ಫೆವಿಕಾಲ್ ಮೇಲೆ ಹೊಸದು ಹಿಡಿಯುವುದಿಲ್ಲ. ಕ್ಲ್ಯಾಂಪ್ ಇಲ್ಲದಿದ್ದರೆ ಕಾಲುಗಳಿಗೆ ಹಗ್ಗ ಸುತ್ತಿ, ನಡುವೆ ಒಂದು ಕಡ್ಡಿ ತೂರಿಸಿ ತಿರುಚಿ ಬಿಗಿ ಮಾಡಿ.

ಮೊದಲು ಏನು ಮಾಡಲಿ?

ಬಟ್ಟಲು ಅಲ್ಲ. ಲಟ್ಟಣಿಗೆಯೂ ಅಲ್ಲ, ಅದು ಸುಲಭ ಅನ್ನಿಸುತ್ತದೆ, ಆದರೆ ಒಂದು ಅಡಿ ಉದ್ದಕ್ಕೂ ಏರಿಳಿತ ಇಲ್ಲದೆ ಬರಬೇಕು. ನನ್ನ ಮೊದಲ ಲಟ್ಟಣಿಗೆ ನೋಡಿ ಅಮ್ಮ, "ಇದಕ್ಕೂ ನಿನ್ನ ಹಾಗೇ ಹೊಟ್ಟೆ ಬಂದಿದೆ ಕಣೋ" ಅಂದರು.

ಬುಗುರಿ ಮಾಡಿ. ಸೀಬೆ ಕೊಂಬೆ ಸಿಕ್ಕರೆ ಒಳ್ಳೆಯದು, ಗಟ್ಟಿ ಮರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅರ್ಧ ಗಂಟೆಯ ಕೆಲಸ, ಕೆಟ್ಟರೆ ನಷ್ಟ ಇಲ್ಲ. ಸಮತೂಕ ತಪ್ಪಿದರೆ ಅದೇ ಕುಣಿದು ತೋರಿಸುತ್ತದೆ. ಮೊಳೆಯ ತೂತನ್ನು ಮರ ಇನ್ನೂ ಲೇತ್‌ನಲ್ಲಿ ಇರುವಾಗಲೇ, ನಟ್ಟ ನಡುವೆ, ಮೊಳೆಗಿಂತ ಒಂದೆಳೆ ಸಣ್ಣಗೆ ಹಾಕಿಕೊಳ್ಳಿ. ಮೊಳೆಯ ತಲೆ ಕತ್ತರಿಸಿ, ಆ ಕಡೆಯನ್ನೇ ತೂತಿಗೆ ಕೂರಿಸಿ ಮೆಲ್ಲಗೆ ಬಡಿಯಿರಿ. ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ, ಇಲ್ಲದಿದ್ದರೆ ಹಾಲ್‌ನ ಟೈಲ್ಸ್ ಮೇಲೆ ಗುಳಿ ಬೀಳುತ್ತದೆ.